ಒಟ್ಟು 3-3, ಆದ್ರೂ ಆರ್ಸೆನಲ್ ಔಟ್? 2015ರ ಮೊನಾಕೊ ಪಂದ್ಯದ ಬಗ್ಗೆ

ಹೊಸ_ಗೂನರ್:
ನಾನು ಆರ್ಸೆನಲ್ ನೋಡೋಕೆ ಶುರು ಮಾಡಿದ್ದು ಆರ್ಟೆಟಾ ಕೋಚ್ ಆದ ಮೇಲೆ. ಹಳೇ ಅಭಿಮಾನಿಗಳು ಮೊನಾಕೊ ಹೆಸರು ಕೇಳಿದರೆ ಸಾಕು, ಈಗಲೂ ಹಲ್ಲು ಕಡಿಯುತ್ತಾರೆ. ಸ್ಕೋರ್ ಹುಡುಕಿ ನೋಡಿದೆ. ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್, 16 ತಂಡಗಳ ಸುತ್ತು. 2015ರ ಫೆಬ್ರವರಿ 25ರಂದು ನಮ್ಮ ಅಂಗಳ ಎಮಿರೇಟ್ಸ್‌ನಲ್ಲಿ 1-3 ಸೋಲು. ಮಾರ್ಚ್ 17ರಂದು ಅವರ ಊರಿಗೇ ಹೋಗಿ 2-0 ಗೆಲುವು. ಎರಡೂ ಸೇರಿ 3-3. ಹಾಗಾದ್ರೆ ಪೆನಾಲ್ಟಿ ಶೂಟೌಟ್ ಯಾಕೆ ಆಗಲಿಲ್ಲ? ಎಲ್ಲಾ ತಪ್ಪು ನಮ್ಮ ಆಗಿನ ಸ್ಟ್ರೈಕರ್ ಜಿರೂನದ್ದೇ ಅಂತಾರಲ್ಲ, ನಿಜಾನಾ?

ರಾತ್ರಿ_ಒಂದೂಕಾಲು:
ತಮ್ಮಾ, ಆಗ ಅವೇ ಗೋಲ್ ನಿಯಮ ಇತ್ತು. ಒಟ್ಟು ಗೋಲು ಸಮ ಆದರೆ, ಎದುರಾಳಿ ಅಂಗಳದಲ್ಲಿ ಜಾಸ್ತಿ ಗೋಲು ಹೊಡೆದವರು ಮುಂದಕ್ಕೆ. ಮೊನಾಕೊ ಲಂಡನ್ನಿನಲ್ಲಿ 3 ಹೊಡೆದಿತ್ತು, ನಾವು ಮೊನಾಕೊದಲ್ಲಿ 2. ಕಥೆ ಮುಗೀತು. ಆ ನಿಯಮವನ್ನು ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ 2021ರಲ್ಲಿ ತೆಗೆದುಹಾಕಿತು.

ಭಾರತದ ಸಮಯದಲ್ಲಿ ಪಂದ್ಯ ಶುರುವಾಗಿದ್ದು ರಾತ್ರಿ ಒಂದೂಕಾಲಿಗೆ. ಯಾರಿಗೆ ಯಾರು ಎದುರಾಳಿ ಅಂತ ಚೀಟಿ ಎತ್ತಿದ ದಿನ ನಾವೆಲ್ಲ ಖುಷಿಯಾಗಿದ್ದೆವು. ಬಾರ್ಸಾ ಇಲ್ಲ, ಬಯರ್ನ್ ಇಲ್ಲ, ಇನ್ನೇನು ಬೇಕು? ಆದರೆ ಮೊನಾಕೊ ಗುಂಪಿನ 6 ಪಂದ್ಯಗಳಲ್ಲಿ ಹೊಡೆದಿದ್ದು ಬರೀ 4 ಗೋಲು, ಬಿಟ್ಟಿದ್ದು ಒಂದೇ ಒಂದು. ಆ ಲೆಕ್ಕ ನೋಡಿಯೇ ಹೆದರಬೇಕಿತ್ತು. ನಮ್ಮ ಆಗಿನ ಕೋಚ್ ವೆಂಗರ್ 1987ರಿಂದ 1994ರವರೆಗೆ ಅದೇ ಕ್ಲಬ್ಬಿನ ಕೋಚ್ ಆಗಿದ್ದವರು ಬೇರೆ.

ಎಮಿರೇಟ್ಸ್‌ನಲ್ಲಿ ಮೊದಲ ಗೋಲು ಮೊನಾಕೊದ ಕೊಂಡೊಗ್ಬಿಯಾದು. ದೂರದಿಂದ ಹೊಡೆದ, ನಮ್ಮ ಡಿಫೆಂಡರ್ ಮೆರ್ಟೆಸಾಕರ್‌ಗೆ ತಗುಲಿ ದಿಕ್ಕು ತಪ್ಪಿ ಒಳಗೆ ಹೋಯಿತು. ಅದು ನಮ್ಮ ಹಣೆಬರಹ ಅಂತ ಬಿಡೋಣ. ಎರಡನೆಯದು ಹಾಗಲ್ಲ. ನಮ್ಮವರು ಮುಂದೆ ನುಗ್ಗಿ ಹಿಂದೆ ಬಯಲು ಬಿಟ್ಟಿದ್ದರು. ಮಾರ್ಷಿಯಾಲ್ ಓಡಿ ಬಂದು ಪಾಸ್ ಕೊಟ್ಟ, ಬೆರ್ಬಟೊವ್ ಗೋಲಿನ ಮೇಲ್ಭಾಗಕ್ಕೆ ಬಾರಿಸಿದ. ಅವನು ನಮ್ಮ ಬದ್ಧವೈರಿ ಟಾಟನ್‌ಹ್ಯಾಮ್ ಕ್ಲಬ್ಬಿನ ಹಳೇ ಆಟಗಾರ. ಹೊಟ್ಟೆ ಉರಿಯದೆ ಇರುತ್ತಾ?

ಜಿರೂ ಅವತ್ತು ಕೆಟ್ಟದಾಗಿ ಆಡಿದ, ನಿಜ. ಹತ್ತಿರದಿಂದಲೇ ಅವಕಾಶ ಹಾಳು ಮಾಡಿದ. 60ನೇ ನಿಮಿಷಕ್ಕೆ ಅವನನ್ನು ಕರೆದು ವಾಲ್ಕಾಟ್‌ನನ್ನು ಇಳಿಸಿದರು. ಆದರೆ ನಮ್ಮನ್ನು ಹೊರಗೆ ಹಾಕಿದ್ದು ಅವನಲ್ಲ, ಕೊನೆಯ ಮೂರು ನಿಮಿಷ. 90+1ರಲ್ಲಿ, ಅಂದ್ರೆ 90 ನಿಮಿಷ ಮುಗಿದ ಮೇಲಿನ ಮೊದಲ ನಿಮಿಷದಲ್ಲಿ, ಆಕ್ಸ್‌ಲೇಡ್ ಚೇಂಬರ್ಲಿನ್ ಗೋಲು ಹೊಡೆದು 1-2 ಮಾಡಿದ. ಅಷ್ಟಕ್ಕೆ ಬಾಗಿಲು ಹಾಕಿಕೊಂಡು ಕೂತಿದ್ದರೆ ಮುಗೀತಿತ್ತು. ಇಲ್ಲ, ಇನ್ನೊಂದು ಬೇಕು ಅಂತ ಎಲ್ಲರೂ ಮುಂದೆ ಓಡಿದರು. ಹಿಂದೆ ಕಾಯುವ ಕೊಕ್ಲಾನ್‌ನನ್ನು ಆಗಲೇ ಹೊರಗೆ ಕರೆದಾಗಿತ್ತು. 90+4ರಲ್ಲಿ ಫೆರೇರಾ ಕರಾಸ್ಕೊ ಒಬ್ಬನೇ ನುಗ್ಗಿ ಹೊಡೆದ. ಕಂಬಕ್ಕೆ ಬಡಿದು ಒಳಗೆ.

ಈಗ ಲೆಕ್ಕ ಹಾಕು. 1-2ರಲ್ಲೇ ನಿಂತಿದ್ದರೆ, ಅಲ್ಲಿಯ 2-0 ಸಾಕಿತ್ತು. ಒಟ್ಟು 3-2, ಕ್ವಾರ್ಟರ್ ಫೈನಲ್. ಆ 2-0ರಲ್ಲಿ ಮೊದಲ ಗೋಲು ಜಿರೂನದ್ದೇ, 36ನೇ ನಿಮಿಷದಲ್ಲಿ.

ಕೆಂಪು_ಬಿಳಿ:
ಇಷ್ಟೊಂದು ಅಳೋದು ಯಾಕೆ ಗುರು? 2017ರಲ್ಲಿ ಬಯರ್ನ್ ಇದೇ ಎಮಿರೇಟ್ಸ್‌ನಲ್ಲಿ 5-1 ಹಾಕಿತಲ್ಲ, ಅದು ದೊಡ್ಡ ಅವಮಾನ ಅಲ್ವಾ? ಒಟ್ಟು 10-2!

ರಾತ್ರಿ_ಒಂದೂಕಾಲು:
ಅವಮಾನ ಅದೇ ದೊಡ್ಡದು, ಒಪ್ಪಿದೆ. ಆದರೆ ಆ ಸಲ ಮ್ಯೂನಿಕ್‌ನಲ್ಲೇ 5-1 ತಿಂದು ಬಂದಿದ್ದೆವು, ಆಸೆನೇ ಇರಲಿಲ್ಲ. ಎಮಿರೇಟ್ಸ್ ಪಂದ್ಯದಲ್ಲಿ ನಾನಂತೂ ನಮ್ಮ ಡಿಫೆಂಡರ್ ಕೊಸ್ಸಿಯೆಲ್ನಿಗೆ ರೆಡ್ ಕಾರ್ಡ್ ಬಿದ್ದ ಮೇಲೆ ಟಿವಿ ಆರಿಸಿ ಮಲಗಿದೆ. ಮೊನಾಕೊನ ಸೋಲಿಸಬಹುದಿತ್ತು, ಸೋಲಿಸಲಿಲ್ಲ. ಸಿಟ್ಟು ಅದಕ್ಕೆ.

ಹೊಸ_ಗೂನರ್:
ಅರ್ಥ ಆಯ್ತು ಅಣ್ಣ. ಹಾಗಾದ್ರೆ ಮೊನಾಕೊ ಆಮೇಲೆ ಎಲ್ಲಿವರೆಗೆ ಹೋಯ್ತು?

ರಾತ್ರಿ_ಒಂದೂಕಾಲು:
ಮುಂದಿನ ಸುತ್ತಿನಲ್ಲೇ ಯುವೆಂಟಸ್ ಹೊರಗೆ ಕಳಿಸಿತು. ಎರಡು ಪಂದ್ಯ ಸೇರಿ 1-0, ಅದೂ ವಿಡಾಲ್‌ನ ಪೆನಾಲ್ಟಿ. ನಮ್ಮ ಮೇಲೆ ಮೂರು ಹೊಡೆದವರು ಅಲ್ಲಿ ಒಂದೂ ಹೊಡೆಯಲಿಲ್ಲ.