ಹೊಸ ಬೇಸ್ ಕ್ಯಾಬಿನೆಟ್‌ನಲ್ಲಿ ದನಿ ಒಡೆಯುತ್ತಿದೆ, ದೋಷ ಎಲ್ಲಿರಬಹುದು?

ಐದುತಂತಿ:

ವಾದ್ಯಗೋಷ್ಠಿಯೊಂದರಲ್ಲಿ ಐದು ತಂತಿಯ ಬೇಸ್ ಗಿಟಾರ್ ನುಡಿಸುತ್ತೇನೆ. ಗಣೇಶೋತ್ಸವದ ಕಾರ್ಯಕ್ರಮಗಳಿಗೆ ಇರಲೆಂದು ಕಳೆದ ವಾರ 10 ಇಂಚಿನ ನಾಲ್ಕು ಸ್ಪೀಕರ್ ಮತ್ತು ಎತ್ತರದ ಸ್ವರಗಳಿಗೆ ಒಂದು ಹಾರ್ನ್ ಇರುವ, 8 ಓಮ್‌ನ ಹೊಸ ಕ್ಯಾಬಿನೆಟ್ ತರಿಸಿಕೊಂಡೆ. ಲಾರಿ ಪಾರ್ಸೆಲ್‌ನಲ್ಲಿ ಬಂದಾಗ ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತಾದರೂ ಕ್ಯಾಬಿನೆಟ್‌ನ ಮೇಲೆ ಗೀರು ಕೂಡ ಬಿದ್ದಿರಲಿಲ್ಲ. ನನ್ನ ಹೆಡ್ (ಆಂಪ್ಲಿಫೈಯರ್) 4 ಓಮ್‌ಗೆ 500 ವ್ಯಾಟ್ ಕೊಡುವಂಥದ್ದು. 15 ಇಂಚಿನ ಒಂದೇ ಸ್ಪೀಕರಿರುವ ಹಳೆಯ ಕ್ಯಾಬಿನೆಟ್‌ನೊಂದಿಗೆ ಮೂರು ವರ್ಷದಿಂದ ತಕರಾರಿಲ್ಲದೆ ನಡೆದುಬಂದಿದೆ.

ಹೊಸದರಲ್ಲಿ ಮಾತ್ರ ಕೆಲವು ಸ್ವರಗಳಿಗೆ ಒಣಗಿದ ಮುತ್ತುಗದ ಎಲೆಯನ್ನು ತಿಕ್ಕಿದಂತೆ ಗರಗರ ಸದ್ದು ಸೇರಿಕೊಳ್ಳುತ್ತದೆ. ಬಿ ತಂತಿಯನ್ನು ಜೋರಾಗಿ ಮೀಟಿದರಂತೂ ದನಿಯೇ ಹರಿದುಹೋಗುತ್ತದೆ. ಹೆಡ್‌ಗೆ ಹೆಡ್‌ಫೋನ್ ಹಾಕಿ ಕೇಳಿದರೆ ಎಲ್ಲವೂ ಶುದ್ಧವಾಗಿದೆ. ಅಂಗಡಿಯವರು, ನುಡಿಸುತ್ತ ಹೋದ ಹಾಗೆ ಸ್ಪೀಕರ್ ಪಳಗುತ್ತದೆ ಎನ್ನುತ್ತಾರೆ. ಇದನ್ನು ನಂಬಬಹುದೇ?

ಹಳೇ ಆಂಪ್:

ಸ್ಪೀಕರ್ ಪಳಗುವುದು ನಿಜವೇ. ನನ್ನದೂ ಮೊದಲ ತಿಂಗಳು ಬಿಗಿಯಾಗಿತ್ತು. ಅಷ್ಟರಲ್ಲಿ ಗಿಟಾರಿನೊಳಗಿನ 9 ವೋಲ್ಟ್ ಬ್ಯಾಟರಿಯನ್ನು ಬದಲಿಸಿ ನೋಡಿ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಎಳೆದಿರುವುದು ಸ್ಪೀಕರ್ ಕೇಬಲ್ಲೇ ಹೊರತು ಗಿಟಾರ್ ಕೇಬಲ್ ಅಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ನೋಡುವುದಕ್ಕೆ ಎರಡೂ ಒಂದೇ ತರಹ ಇರುತ್ತವೆ.

ಮಂದ್ರ:

ಪಳಗುವುದೆಂದರೆ ಕೋನ್‌ನ (ಸ್ಪೀಕರಿನ ಅದುರುವ ಕಾಗದದ) ಅಂಚು ಸ್ವಲ್ಪ ಸಡಿಲವಾಗಿ ದನಿಯ ಬಣ್ಣ ತುಸು ಬದಲಾಗುವುದು, ಅಷ್ಟೇ. ಗರಗರ ಸದ್ದು ಪಳಗುವುದರಿಂದ ಹೋಗುವುದಿಲ್ಲ. ಆ ಮಾತು ಕೇಳಿಕೊಂಡು ಕುಳಿತರೆ ಹೋಗುವುದು ವಾರಂಟಿಯ ದಿನಗಳು. ಬ್ಯಾಟರಿ ಕುಂದಿದ್ದರೆ ಹೆಡ್‌ಫೋನ್‌ನಲ್ಲೂ ದನಿ ಕೆಡಬೇಕಿತ್ತು. ಆದ್ದರಿಂದ ಗಿಟಾರನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು.

ನಿಮ್ಮ ವಿವರಣೆಯಲ್ಲಿ ಒಂದಲ್ಲ, ಎರಡು ದೂರುಗಳಿವೆ ಎಂದು ನನಗೆ ಅನ್ನಿಸುತ್ತದೆ. ಕೆಲವೇ ಸ್ವರಗಳಲ್ಲಿ ಬರುವ ಗರಗರ ಸಾಮಾನ್ಯವಾಗಿ ಎಲ್ಲೋ ಏನೋ ಸಡಿಲವಾಗಿರುವುದರ ಲಕ್ಷಣ. ಅದು ಸಣ್ಣ ದನಿಯಲ್ಲೂ ಇರುತ್ತದೆ. ಜೋರು ಮಾಡಿದಾಗ ಮಾತ್ರ ಬಿ ತಂತಿ ಹರಿಯುವುದು ಬೇರೆಯೇ ಕತೆ. ಮೊದಲನೆಯದನ್ನು ಹೀಗೆ ಹಿಡಿಯಿರಿ: ಎ ತಂತಿಯ ಐದನೆಯ ಮನೆಯ (ಫ್ರೆಟ್‌ನ) ಡಿ ಸ್ವರವೇ ಇ ತಂತಿಯ ಹತ್ತನೆಯ ಮನೆಯಲ್ಲೂ ಬಿ ತಂತಿಯ ಹದಿನೈದನೆಯ ಮನೆಯಲ್ಲೂ ಸಿಗುತ್ತದೆ. ಮೂರು ಕಡೆಯೂ ಗರಗರ ಬಂದರೆ ದೋಷ ಕ್ಯಾಬಿನೆಟ್‌ನದ್ದು ಅಥವಾ ಕೋಣೆಯದ್ದು. ಒಂದೇ ಕಡೆ ಬಂದರೆ ಫ್ರೆಟ್‌ಗೆ ತಂತಿ ತಾಗುತ್ತಿದೆ. ಇತರ ಸ್ವರಗಳನ್ನೂ ಹೀಗೆಯೇ ನೋಡಿ. ಆಮೇಲೆ ಫೋನಿನಲ್ಲಿ ಸ್ವರ ಹೊರಡಿಸುವ ಆ್ಯಪ್ ಹಾಕಿಕೊಂಡು, ಅದನ್ನು ಹೆಡ್‌ನ ಆಕ್ಸ್ ಇನ್‌ಪುಟ್‌ಗೆ ಕೊಟ್ಟು, ಮಾತನಾಡುವಷ್ಟೇ ದನಿಯಲ್ಲಿ 40ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಹೋಗಿ. ಗರಗರ ಎದ್ದಲ್ಲಿ ನಿಲ್ಲಿಸಿ ಜಾಲರಿ, ಹಿಡಿಕೆ, ಹಿಂದಿನ ಸಾಕೆಟ್ ತಟ್ಟೆ, ಪೋರ್ಟ್‌ನ (ಗಾಳಿಕಿಂಡಿಯ) ಕೊಳವೆ ಇವುಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಿ. ಕಿಟಕಿಯ ಗಾಜನ್ನು ಮರೆಯಬೇಡಿ. ನನ್ನ ಕ್ಯಾಬಿನೆಟ್ ಕೆಟ್ಟಿದೆಯೆಂದು ನಾನು ಎರಡು ದಿನ ಒದ್ದಾಡಿದ್ದು ಗೋಡೆಗೆ ಒರಗಿಸಿಟ್ಟಿದ್ದ ಸ್ನೇರ್ ಡ್ರಮ್ಮಿನಿಂದಾಗಿ. ಕೀಲುಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಹಚ್ಚಿದ ಅಗರಬತ್ತಿಯನ್ನು ಅಂಚಿನುದ್ದಕ್ಕೂ ಸರಿಸಿದರೆ ಸಾಕು, ಹೊಗೆ ನಡುಗಿದಲ್ಲಿ ಸಂದು ಇದೆ.

ಇನ್ನು ಬಿ ತಂತಿ. ಅದರ ಮೂಲ ಕಂಪನ ಸುಮಾರು 31 ಹರ್ಟ್ಸ್. ಪೋರ್ಟ್ ಇರುವ ಕ್ಯಾಬಿನೆಟ್ ತನ್ನ ಟ್ಯೂನಿಂಗ್‌ಗಿಂತ (ಪೋರ್ಟನ್ನು ಹೊಂದಿಸಿರುವ ಕಂಪನಕ್ಕಿಂತ) ಕೆಳಗಿನ ಸ್ವರಗಳಲ್ಲಿ ಕೋನ್‌ನ ಮೇಲಿನ ಗಾಳಿಯ ಹಿಡಿತವನ್ನು ಕಳೆದುಕೊಳ್ಳುತ್ತದೆ, ಕೋನ್ ಹುಚ್ಚೆದ್ದು ಹಿಂದೆ ಮುಂದೆ ಓಡುತ್ತದೆ. ಅದರ ಮೇಲೆ ನೀವು ಬೇಸ್ ಗುಂಡಿಯನ್ನು 12 ಡೆಸಿಬೆಲ್ ಏರಿಸಿದ್ದರೆ ಆ ಭಾಗಕ್ಕೆ 16 ಪಟ್ಟು ಶಕ್ತಿ ಕೇಳುತ್ತಿದ್ದೀರಿ ಎಂದರ್ಥ. ಗುಂಡಿ ಎಲ್ಲಿದೆ?

ಐದುತಂತಿ:

ಬೇಸ್ ಗುಂಡಿ ಮೂರು ಗಂಟೆಯ ಸ್ಥಾನದಲ್ಲಿತ್ತು. ಹಳೆಯ ಕ್ಯಾಬಿನೆಟ್‌ಗೆ ಹಾಗಿಟ್ಟಿದ್ದೆ, ಬದಲಿಸಿರಲಿಲ್ಲ. ಅದನ್ನು ನಡುವಿಗೆ ತಂದು, ಹೆಡ್‌ನಲ್ಲಿರುವ, ತೀರ ಕೆಳಗಿನ ಕಂಪನಗಳನ್ನು ಕತ್ತರಿಸುವ ಹೈಪಾಸ್ ಫಿಲ್ಟರನ್ನು 35 ಹರ್ಟ್ಸ್‌ಗೆ ಇಟ್ಟ ಕೂಡಲೇ ಬಿ ತಂತಿ ನಿಚ್ಚಳವಾಯಿತು. ಅಚ್ಚರಿಯೆಂದರೆ ದನಿ ತೆಳುವಾದಂತೆ ಅನ್ನಿಸಲೇ ಇಲ್ಲ.

ಗರಗರ ಮಾತ್ರ ಉಳಿದಿದೆ. ಡಿ ಸ್ವರ ಮೂರು ಮನೆಯಲ್ಲೂ ಗರಗರ ಅನ್ನುತ್ತದೆ. ಫೋನಿನಲ್ಲಿ ನೋಡಿದರೆ 70ರಿಂದ 76 ಹರ್ಟ್ಸ್‌ವರೆಗೆ ಮಾತ್ರ ಬರುತ್ತದೆ. ಹೊರಗೆ ಎಲ್ಲಿ ಒತ್ತಿದರೂ ನಿಲ್ಲುತ್ತಿಲ್ಲ. ಹಾರ್ನ್‌ನ ಗುಂಡಿಯನ್ನು ಸೊನ್ನೆಗೆ ತಂದರೂ ವ್ಯತ್ಯಾಸವಿಲ್ಲ.

ಮಂದ್ರ:

ಬಿ ತಂತಿಯಲ್ಲಿ ಕಿವಿ ಬಹುಮಟ್ಟಿಗೆ ಕೇಳುವುದು 62 ಹರ್ಟ್ಸ್‌ನ ಎರಡನೆಯ ಹಾರ್ಮೋನಿಕ್ಕನ್ನೇ (ಮೂಲ ಕಂಪನದ ಇಮ್ಮಡಿಯನ್ನೇ). 31ನ್ನು ಅಷ್ಟಿಷ್ಟು ಕತ್ತರಿಸಿದರೆ ನಷ್ಟವಿಲ್ಲ.

ಮೈಕ್‌ಸೆಟ್ಟು:

ಮೂವತ್ತು ವರ್ಷದಿಂದ ಮದುವೆ, ಜಾತ್ರೆ, ನಾಟಕಗಳಿಗೆ ಧ್ವನಿವರ್ಧಕ ಹಾಕುತ್ತಿರುವವನು ನಾನು. ಮೂಲೆ ಜಜ್ಜಿದ ಪೆಟ್ಟಿಗೆ ಎಂದ ಕೂಡಲೇ ನನಗೆ ಅನುಮಾನ ಬಂದದ್ದು ಕೋನನ್ನು ಅಲುಗಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್‌ನ ಮೇಲೆ. ಹೆಡ್ ಆರಿಸಿ, ಜಾಲರಿ ತೆಗೆದು, ಎರಡೂ ಕೈಯ ಬೆರಳುಗಳನ್ನು ಕೋನ್‌ನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಮರಳಿನ ಮೇಲೆ ಎಳೆದಂತೆ ಕೆರೆತ ಕೇಳಿದರೆ ವಾಯ್ಸ್ ಕಾಯಿಲ್ ಉಜ್ಜುತ್ತಿದೆ, ಸ್ಪೀಕರನ್ನೇ ಬದಲಿಸಬೇಕು. ಕೆರೆತ ಇಲ್ಲದಿದ್ದರೆ 73 ಹರ್ಟ್ಸ್ ಹಾಕಿಟ್ಟು ಒಂದೊಂದೇ ಸ್ಪೀಕರಿನ ಮುಂದೆ ಕಿವಿಯಿಟ್ಟು ಕೇಳಿ. ಬಿಚ್ಚುವ ಮೊದಲು ಅಂಗಡಿಯವರಿಂದ ಬರಹದಲ್ಲಿ ಒಪ್ಪಿಗೆ ಪಡೆದುಕೊಳ್ಳಿ, ಇಲ್ಲವಾದರೆ ನಾಳೆ ವಾರಂಟಿ ಕೇಳಿದಾಗ ಬೆರಳು ನಿಮ್ಮ ಕಡೆಗೇ ತಿರುಗುತ್ತದೆ.

ಐದುತಂತಿ:

ಕೆರೆತ ಯಾವುದರಲ್ಲೂ ಇರಲಿಲ್ಲ. ಸದ್ದು ಎಡಗಡೆಯ ಕೆಳಗಿನ ಸ್ಪೀಕರಿನಿಂದ ಬರುತ್ತಿತ್ತು. ಅಂಗಡಿಯವರು ಬಿಚ್ಚಲು ಇಮೇಲ್‌ನಲ್ಲಿ ಒಪ್ಪಿದರು. ಎಂಟು ಸ್ಕ್ರೂ ತೆಗೆದು ಸ್ಪೀಕರನ್ನು ಹೊರಗೆಳೆದಾಗ, ಹಾರ್ನ್‌ಗೆ ಹೋಗುವ ಕೆಂಪು ವೈರು ತನ್ನ ಪ್ಲಾಸ್ಟಿಕ್ ಕಟ್ಟಿನಿಂದ ಕಳಚಿಕೊಂಡು ಕೋನ್‌ನ ಬೆನ್ನಿಗೆ ಆತುಕೊಂಡಿತ್ತು. ತಾಗುತ್ತಿದ್ದ ಜಾಗದಲ್ಲಿ ಕಪ್ಪು ಕಾಗದ ಉಗುರಿನಷ್ಟಗಲ ನುಣುಪಾಗಿ ಹೊಳೆಯುತ್ತಿತ್ತು. ವೈರನ್ನು ಪಕ್ಕದ ಮರದ ಪಟ್ಟಿಗೆ ಹೊಸ ಕಟ್ಟಿನಿಂದ ಬಿಗಿದು ಸ್ಪೀಕರನ್ನು ಮತ್ತೆ ಕೂರಿಸಿದೆ. 60ರಿಂದ 90 ಹರ್ಟ್ಸ್‌ವರೆಗೆ ಎರಡು ಸಲ ಓಡಿಸಿ ನೋಡಿದೆ, ಸದ್ದಿಲ್ಲ. ಕೋನ್ ಸವೆದ ಜಾಗದ ಚಿತ್ರವನ್ನು ಅಂಗಡಿಗೆ ಕಳಿಸಿದ್ದೇನೆ. ಮುಂದೆ ಹರಿದರೆ ಆ ಒಂದು ಸ್ಪೀಕರನ್ನು ಬದಲಿಸಿಕೊಡುವುದಾಗಿ ಉತ್ತರ ಬಂದಿದೆ.