ಸಹಾಯ ಬೇಕು: ಈ ಹಳೆಯ ಫೋಟೊ ಯಾವ ವರ್ಷದ್ದು?

ತಾತನ ಪೆಟ್ಟಿಗೆಯಲ್ಲಿ ಒಂದು ಕಪ್ಪು-ಬಿಳುಪು ಫೋಟೊ ಸಿಕ್ಕಿದೆ. ವಿಧಾನಸೌಧದ ಮೆಟ್ಟಿಲ ಮೇಲೆ ಜಯಚಾಮರಾಜ ಒಡೆಯರ್, ಪಕ್ಕದಲ್ಲಿ ನಿಜಲಿಂಗಪ್ಪನವರು. ಹಿಂದೆ ತಾತನ ಕೈಬರಹದಲ್ಲಿ 'ನವೆಂಬರ್ 1' ಅಂತಿದೆ. ವರ್ಷದ ಜಾಗವನ್ನು ಗೆದ್ದಲು ತಿಂದಿದೆ. ತಾತ ಈಗಿಲ್ಲ, ಕೇಳೋಣವೆಂದರೆ ಯಾರೂ ಇಲ್ಲ.

1956ರಲ್ಲಿ ಹೊಸ ಮೈಸೂರು ರಾಜ್ಯ ಹುಟ್ಟಿದ ದಿನದ್ದೇ ಇರಬಹುದು ಅಂತ ಮನಸ್ಸು ಹೇಳುತ್ತದೆ. ಆದರೆ ಒಡೆಯರ್ 1964ರವರೆಗೂ ರಾಜ್ಯಪಾಲರಾಗಿದ್ದರು. ನಿಜಲಿಂಗಪ್ಪನವರು 1958ರಲ್ಲಿ ಇಳಿದು 1962ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಹಾಗಾದರೆ 1957, 1962, 1963 ಕೂಡ ಆಗಬಹುದು, ಅಲ್ವಾ? ಸ್ಟುಡಿಯೊ ಮುದ್ರೆ ಮಸುಕಾಗಿದೆ. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ನೋಡಿದರೂ ಓದಲು ಆಗಲಿಲ್ಲ. ಅಂಚು ಮಾತ್ರ ಅಲೆಅಲೆಯಾಗಿ ಕತ್ತರಿಸಿದ್ದು.

ಫೋಟೊದ ಕಾಗದ, ಅಂಚು ಅಥವಾ ಹಿಂದಿರುವ ಕಟ್ಟಡದ ವಿವರ ನೋಡಿ 1956–57ರದ್ದೋ 1962–63ರದ್ದೋ ಅಂತ ಹೇಳುವುದು ಹೇಗೆ?