ಧಾರವಾಡದಿಂದ ದ್ವಾರಕೆಗೆ ಅಮ್ಮನೊಂದಿಗೆ ಮೋಟಾರ್‌ಹೋಮ್: ಪುಣೆ, ಠಾಣೆ ದಾಟುವುದು ಹೇಗೆ?

ವಾರ್ಜೆಯ ಧಾರವಾಡದವ:

ಎಲ್ಲರಿಗೂ ನಮಸ್ಕಾರ. ಈ ಕಾರ್ತಿಕದಲ್ಲಿ ಅಮ್ಮನನ್ನು ದ್ವಾರಕೆಗೆ ಕರೆದುಕೊಂಡು ಹೋಗಬೇಕು. ಅವಳಿಗೆ 81 ವರ್ಷ. ಧಾರವಾಡದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಯುಗಾದಿಯ ಹೊತ್ತಿಗೆ ಜಾರಿಬಿದ್ದು ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಆಯಿತು. ಈಗ ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾಳೆ, ಆದರೆ ರೈಲಿನ ಮೆಟ್ಟಿಲು, ರೈಲಿನ ಶೌಚಾಲಯ ಎರಡೂ ಅವಳಿಗೆ ಆಗುವ ಮಾತಲ್ಲ. ಹಾಗಾಗಿ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಮೋಟಾರ್‌ಹೋಮ್ ಮಾಡಿಸಿ, ಆರ್‌ಟಿಒದಲ್ಲಿ ಕಾಗದಪತ್ರ ಸರಿಪಡಿಸಿಕೊಂಡಿದ್ದೇನೆ. ಹಿಂಬದಿಯಲ್ಲಿ ಮಂಚ, ಪಕ್ಕದಲ್ಲಿ ಕಮೋಡ್, 100 ಲೀಟರಿನ ನೀರಿನ ಟ್ಯಾಂಕು, ಮೇಲೆ ಎಸಿ.

ಕಾರಿನಲ್ಲಿ ಈ ದಾರಿಯನ್ನು ನೂರು ಸಲ ಓಡಿಸಿದ್ದೇನೆ. ಈ ಗಾಡಿಯನ್ನು ಹಿಡಿದ ಮೇಲೆ ಅದೇ ದಾರಿ ಬೇರೆಯಾಗಿ ಕಾಣುತ್ತಿದೆ. ಹೋದ ಭಾನುವಾರ ಮಂಚದ ಮೇಲೆ ಚೊಂಬಿನ ತುಂಬ ನೀರಿಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ, ಪುಣೆಯ ನಮ್ಮ ವಾರ್ಜೆಯಿಂದ ಖಡಕವಾಸಲಾ ಅಣೆಕಟ್ಟಿಗೆ ಹೋಗಿ ಬಂದೆ. ಮನೆಗೆ ಬರುವಷ್ಟರಲ್ಲಿ ಚೊಂಬಿನಲ್ಲಿ ಎರಡು ಬೆರಳಿನಷ್ಟು ನೀರು ಉಳಿದಿತ್ತು, ಹಾಸಿಗೆಯೆಲ್ಲ ಒದ್ದೆ. ಅಮ್ಮ ಅಲ್ಲಿ ಮಲಗಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಎತ್ತರದ್ದು ಇನ್ನೊಂದು ಚಿಂತೆ. ಟೇಪು ಹಿಡಿದು ಅಳೆದೆ: ನೆಲದಿಂದ ಎಸಿಯ ತುದಿಗೆ 9 ಅಡಿ 10 ಅಂಗುಲ. ನಮ್ಮ ಸೊಸೈಟಿಯ ಗೇಟಿನ ಅಡ್ಡಪಟ್ಟಿ 9 ಅಡಿ 6 ಅಂಗುಲಕ್ಕಿದೆ. ಗಾಡಿ ಒಳಗೆ ಬರುವುದಿಲ್ಲ.

ನನ್ನ ಲೆಕ್ಕ ಹೀಗಿದೆ: ಶುಕ್ರವಾರ ಧಾರವಾಡ ಬಿಟ್ಟು ಒಂದೇ ಓಟಕ್ಕೆ ವಾರ್ಜೆ, ಸುಮಾರು 420 ಕಿ.ಮೀ. ರಾತ್ರಿ ಗಾಡಿಯನ್ನು ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸುವುದು. ಶನಿವಾರ 9 ಗಂಟೆಗೆ ಹೊರಟು ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇ, ಕಳಂಬೋಲಿ, ಘೋಡ್‌ಬಂದರ್ ರಸ್ತೆ, ಕತ್ತಲಾಗುವುದರೊಳಗೆ ಗುಜರಾತಿನ ವಾಪಿ. ಮುಂಬೈಗೆ ಸಮುದ್ರದ ಮೇಲೆ ಹೋಗುವ ಅಟಲ್ ಸೇತು ಹಿಡಿದರೆ ಅನುಕೂಲವೇ? ದೊಡ್ಡ ಗಾಡಿ ಓಡಿಸಿ ಗೊತ್ತಿದ್ದವರು ದಯವಿಟ್ಟು ತಿದ್ದಿ.

ನಿಪ್ಪಾಣಿ ಲಾರಿ:

ಸರ್, ನಾನು 19 ವರ್ಷದಿಂದ ನಾವಾ ಶೇವಾ ಬಂದರಿಗೆ ಲಾರಿ ಹೊಡೆಯುತ್ತಿದ್ದೇನೆ. ನಿಮ್ಮ ಲೆಕ್ಕದಲ್ಲಿ ಹೊತ್ತು ತಪ್ಪಿದೆ, ಅದನ್ನು ಮೊದಲು ಬದಲಿಸಿ. ಶನಿವಾರ ಬೆಳಿಗ್ಗೆ ಮುಂಬೈಯ ಜನ ಲೋಣಾವಳದ ಕಡೆಗೆ ಏರುತ್ತಾರೆ, ಭಾನುವಾರ ಸಂಜೆ ಇಳಿಯುತ್ತಾರೆ. ಘಾಟಿನಲ್ಲಿ ಒಂದು ಗಾಡಿ ಕೆಟ್ಟು ನಿಂತರೂ ಸಾಕು, ಗಂಟೆಗಟ್ಟಲೆ ಕೂರಬೇಕು. ನೀವು ಇಳಿಯುವವರು, ಭಾನುವಾರ ನಸುಕಿನಲ್ಲಿ ಇಳಿಯಿರಿ.

ಇನ್ನು ಪುಣೆಗೆ ಇಳಿಯುವ ಕಾತ್ರಜ್ ಘಾಟು. ಹೊಸ ಸುರಂಗ ದಾಟಿ ಹೊರಬಿದ್ದ ಕೂಡಲೇ ನವಲೆ ಸೇತುವೆಯ ತನಕ ಇಳಿಜಾರು. ಕಣ್ಣಿಗೆ ಅಷ್ಟು ಕಡಿದಾಗಿ ಕಾಣುವುದಿಲ್ಲ, ರಸ್ತೆ ಅಗಲವಾಗಿದೆ, ಗಾಡಿ ತಾನಾಗಿಯೇ ಓಡುತ್ತದೆ. ಡೀಸೆಲ್ ಉಳಿಯುತ್ತದೆಂದು ಅಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾದು ಕೊನೆಗೆ ಹಿಡಿಯುವುದೇ ಇಲ್ಲ. 2022ರ ನವೆಂಬರಿನಲ್ಲಿ ಒಂದೇ ಲಾರಿ ಅಲ್ಲಿ 40ಕ್ಕೂ ಹೆಚ್ಚು ವಾಹನಗಳನ್ನು ಜಖಂ ಮಾಡಿತು. ನೀವು ಸುರಂಗದೊಳಗೇ ಮೂರನೇ ಗೇರಿಗೆ ಬನ್ನಿ, ಎಡಕ್ಕಿರಿ, ಕನ್ನಡಿಯಲ್ಲಿ ಹಿಂದಿನ ಲಾರಿಯನ್ನು ನೋಡುತ್ತಲೇ ಇರಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ನೀರಿನ ಟ್ಯಾಂಕಿನ ಮಾತು. 100 ಲೀಟರ್ ಎಂದರೆ 100 ಕಿಲೋ. ಅರ್ಧ ತುಂಬಿದ್ದರೆ ತಿರುವಿನಲ್ಲಿ ನೀರು ಹೊಯ್ದಾಡಿ ಗಾಡಿಯನ್ನು ಎಳೆಯುತ್ತದೆ. ಘಾಟ್ ಇಳಿಯುವಾಗ ಅಮ್ಮನವರಿಗೆ ಬೇಕಾದಷ್ಟನ್ನು ಕ್ಯಾನಿನಲ್ಲಿ ಇಟ್ಟುಕೊಂಡು ಟ್ಯಾಂಕು ಖಾಲಿ ಮಾಡಿ, ಕೆಳಗೆ ಹೋಗಿ ತುಂಬಿಸಿ. ಎತ್ತರವನ್ನೂ ಗಾಡಿ ಖಾಲಿಯಿದ್ದಾಗ ಮತ್ತೊಮ್ಮೆ ಅಳೆಯಿರಿ. ಭಾರವಿದ್ದಾಗ ಸ್ಪ್ರಿಂಗ್ ಪಟ್ಟಿ ಕುಗ್ಗಿರುತ್ತದೆ, ಇಳಿಸಿದ ಮೇಲೆ ಗಾಡಿ ಏಳುತ್ತದೆ. ಹೋಗುವಾಗ ನುಸುಳಿದ ಸೇತುವೆ ಬರುವಾಗ ತಗಲುವುದು ಹೀಗೆಯೇ.

ಅಟಲ್ ಸೇತು ನಿಮ್ಮ ಕೆಲಸಕ್ಕಲ್ಲ. 21.8 ಕಿ.ಮೀ. ಸುಖವಾಗಿ ಹೋಗಿ ಶಿವಡಿಯಲ್ಲಿ ಇಳಿಯುತ್ತೀರಿ, ಆಮೇಲೆ ಇಡೀ ಮುಂಬೈಯನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕು. ಕಳಂಬೋಲಿಯಿಂದ ತಳೋಜಾ, ಶಿಳ್‌ಫಾಟಾ, ಮುಂಬ್ರಾ ಬೈಪಾಸ್, ಠಾಣೆಯ ಮಾಜಿವಾಡಾ, ಅಲ್ಲಿಂದ ಘೋಡ್‌ಬಂದರ್. ಗುಜರಾತಿಗೆ ಹೋಗುವ ನಮ್ಮವರೆಲ್ಲ ಹಿಡಿಯುವುದು ಇದೇ ದಾರಿ. ರಾತ್ರಿ ಮಾತ್ರ ಬೇಡ. ಆಗ ಅದು ಪೂರ್ತಿ ಲಾರಿಗಳದ್ದು.

ಡೊಂಬಿವಲಿಯಿಂದ, ಉಡುಪಿಯವಳು:

ಸರ್, ನಾನು ಮೂಳೆ ವಿಭಾಗದಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ದಾರಿಗಿಂತ ಮೊದಲು ಆ ಮಂಚದ ವಿಷಯ ಹೇಳಿಬಿಡುತ್ತೇನೆ. ಗಾಡಿ ಚಲಿಸುವಾಗ ಅಮ್ಮನನ್ನು ಮಂಚದ ಮೇಲೆ ಮಲಗಿಸಲೇಬೇಡಿ. ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಅವರನ್ನು ಹಿಡಿಯುವುದಕ್ಕೆ ಅಲ್ಲಿ ಏನಿದೆ? ನಿಮ್ಮ ಮಂಚ ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದೆ ಇರಬೇಕು. ಬಸ್ಸಿನ ಕಡೆಯ ಸೀಟಿನಲ್ಲಿ ಕೂತವರಿಗೆ ಗೊತ್ತು, ಎತ್ತಿಹಾಕುವುದು ಅಲ್ಲೇ. ನಿಮ್ಮ ಚೊಂಬು ಸರಿಯಾಗಿಯೇ ಹೇಳಿದೆ.

ಎರಡು ಅಚ್ಚುಗಳ ನಡುವೆ, ಮುಂದಕ್ಕೆ ಮುಖಮಾಡಿದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ. ಸೀಟು ತಗ್ಗಾಗಿರಬಾರದು. ಮೊಣಕಾಲು ಸೊಂಟಕ್ಕಿಂತ ಮೇಲೆ ಬರದಂತೆ ಗಟ್ಟಿ ದಿಂಬು ಕೊಡಿ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ, ಬೇಕಿದ್ದರೆ ಆಗ ಮಲಗಲಿ. ತುಂಬ ಹೊತ್ತು ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಹೊರಡುವ ಮೊದಲು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕಂಡು ಅಪ್ಪಣೆ ಪಡೆಯಿರಿ. ಅಷ್ಟು ದೂರದ ಪಯಣ ಇದು.

ಅಂದ ಮೇಲೆ ಒಂದೇ ಓಟಕ್ಕೆ 420 ಕಿ.ಮೀ. ಎನ್ನುವುದು ಬಿದ್ದುಹೋಯಿತು. ಎಲ್ಲಿ ಸಲೀಸಾಗಿ ನಿಲ್ಲಬಹುದು ಎಂಬುದನ್ನು ಮೊದಲು ಗುರುತು ಹಾಕಿ, ಆ ಗುರುತುಗಳನ್ನು ಸೇರಿಸಿ ದಾರಿ ಎಳೆಯಿರಿ. ಘೋಡ್‌ಬಂದರ್‌ನಲ್ಲಿ ನಿಲ್ಲುವ ಜಾಗವೇ ಇಲ್ಲ. ಕಾಪೂರಬಾವಡಿ, ಕಾಸಾರವಡವಲಿ ಎಂದು ಗಿಜಿಗುಟ್ಟುತ್ತಾ ಹೋಗಿ ಗಾಯ್‌ಮುಖದ ಹತ್ತಿರ ರಸ್ತೆ ಕಿರಿದಾಗುತ್ತದೆ. ಅದನ್ನು ಹೊಕ್ಕುವ ಮೊದಲು ಅವರಿಗೆ ವಿಶ್ರಾಂತಿ ಆಗಿರಬೇಕು. ಶಿಳ್‌ಫಾಟಾದಿಂದ ಕಲ್ಯಾಣ ರಸ್ತೆಗೆ ಹೊರಳಿದರೆ ನಮ್ಮ ಮನೆ ದೂರವಿಲ್ಲ. ನೆಲಮಹಡಿ, ಒಂದೇ ಮೆಟ್ಟಿಲು. ಸಂಕೋಚ ಪಡಬೇಡಿ.

ಪಿಂಪ್ರಿಯ ಕಲಬುರಗಿಯವ:

ನಾಸಿಕದ ಮೇಲೆ ಹೋಗಿ ಎನ್ನೋಣವೆಂದಿದ್ದೆ. ತ್ರ್ಯಂಬಕೇಶ್ವರವೂ ಆಗುತ್ತದೆ. ಆದರೆ ಚಾಕಣದ ಕಾರ್ಖಾನೆಗಳ ದಟ್ಟಣೆ, ಆಮೇಲೆ ಗುಜರಾತಿಗೆ ಇಳಿಯುವ ಘಾಟು ನೆನೆದರೆ ಅಜ್ಜಿಗೆ ಅದು ಬೇಡ.

ಸರ್ವಿಸ್ ರಸ್ತೆಯಲ್ಲಿ ಮಲಗುವ ಯೋಚನೆಯನ್ನೂ ಬಿಡಿ. ಲೋಣಾವಳಕ್ಕೆ ಮೊದಲೇ ಸಿಗುವ ಕಾರ್ಲಾದಲ್ಲಿ ಎಂಟಿಡಿಸಿಯ (ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ) ವಸತಿಗೃಹವಿದೆ, ಹಳೆಯ ಮುಂಬೈ ಹೆದ್ದಾರಿಯ ಪಕ್ಕದಲ್ಲೇ. ಫೋನ್ ಮಾಡಿ ಗಾಡಿಯ ಎತ್ತರ ಹೇಳಿ, ನೆಲಮಹಡಿಯ ಕೋಣೆ ಕೇಳಿ. ಪುಣೆಯಲ್ಲಿ ನಿಲ್ಲದೆ ಬೈಪಾಸಿನಲ್ಲೇ ಸಾಗಿ. ಚಾಂದನಿ ಚೌಕದಲ್ಲಿ ಈಗ ಕವಲುಗಳು ಬಹಳ. ಎಡಗಡೆಯ ಫಲಕ ನೋಡಿ ಹೊರಳಿದಿರೋ ಪೌಡ್ ರಸ್ತೆಯ ಕಡೆಗೆ ಹೋಗಿಬಿಡುತ್ತೀರಿ, ನೇರ ಬನ್ನಿ. 8 ಗಂಟೆಯೊಳಗೆ ವಾಕಡ್ ದಾಟಿಬಿಡಿ. ದೇಹೂ ರೋಡಿನಿಂದ ಹಳೆಯ ಹೆದ್ದಾರಿ ಹಿಡಿದರೆ ತಳೇಗಾಂವ್, ಕಾಮಶೇತ್, ಮುಂದೆ ಕಾರ್ಲಾ. ಮರುದಿನ ಲೋಣಾವಳದಲ್ಲಿ ಎಕ್ಸ್‌ಪ್ರೆಸ್‌ವೇ ಸೇರಬಹುದು.

ವಾರ್ಜೆಯ ಧಾರವಾಡದವ:

ಅಕ್ಕಾ, ಅಣ್ಣಾ, ಎಲ್ಲರಿಗೂ ಕೈಮುಗಿದೆ. ಮಂಚದ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಮ್ಮ ಮಲಗಿಯೇ ಬರಲಿ ಎಂದು ಆ ಗಾಡಿಗೆ ಅಷ್ಟು ಹಣ ಹಾಕಿದ್ದೆ. ನಿನ್ನೆ ಗ್ಯಾರೇಜಿನಲ್ಲಿ ನಡುವಿನ ಸೀಟನ್ನು ನಾಲ್ಕು ಅಂಗುಲ ಎತ್ತರಿಸಿ, ಮೂರು ಬಿಂದುವಿನ ಬೆಲ್ಟ್ ಕೂರಿಸಿಕೊಂಡು ಬಂದೆ. ಅದೇ ಚೊಂಬನ್ನು ಆ ಸೀಟಿನ ಮೇಲಿಟ್ಟು ಮತ್ತೆ ಖಡಕವಾಸಲಾಕ್ಕೆ ಹೋಗಿ ಬಂದೆವು. ಈ ಸಲ ಕಂಠದವರೆಗೂ ನೀರು ಉಳಿದಿತ್ತು.

ಈಗಿನ ಲೆಕ್ಕ: ಗುರುವಾರ ಧಾರವಾಡದಿಂದ ಕೊಲ್ಹಾಪುರ, ಮಹಾಲಕ್ಷ್ಮಿಯ ದರ್ಶನ, ಅಲ್ಲೇ ವಸತಿ. ಶುಕ್ರವಾರ ಸಾತಾರ. ಶನಿವಾರ ಬೆಳಗಿನ ನಾಲ್ಕಕ್ಕೆ ಹೊರಟು, ಬೆಳಕು ಹರಿಯುವ ಹೊತ್ತಿಗೆ ಮೂರನೇ ಗೇರಿನಲ್ಲಿ ಕಾತ್ರಜ್ ಇಳಿದು, ವಾರ್ಜೆಯ ಮನೆಯನ್ನು ದೂರದಿಂದಲೇ ಅಮ್ಮನಿಗೆ ತೋರಿಸಿ, ಸೀದಾ ಕಾರ್ಲಾ. ಹೆಂಡತಿ ಪುಣೆಯ ಶಿವಾಜಿನಗರದಿಂದ ಲೋಣಾವಳದ ಲೋಕಲ್ ರೈಲು ಹಿಡಿದು ಕಾರ್ಲಾದ ಹತ್ತಿರದ ಮಳವಲಿಯಲ್ಲಿ ಇಳಿಯುತ್ತಾಳೆ. ಭಾನುವಾರ ಐದಕ್ಕೆ ಘಾಟ್. ವೈದ್ಯರ ಭೇಟಿ ಮುಂದಿನ ಸೋಮವಾರ ಇದೆ. ಅವರು ಒಲ್ಲೆ ಎಂದರೆ ಮಾಘದ ತನಕ ಕಾಯುತ್ತೇವೆ, ಅಮ್ಮನಿಗೂ ಹೇಳಿದ್ದೇನೆ.

ಅಕ್ಕಾ, ಏಳೂವರೆಗೆ ನಿಮ್ಮ ಮನೆಗೆ ಬಂದರೆ ತೊಂದರೆಯಾಗುವುದೇ? ಅಮ್ಮ ಉಪ್ಪಿಟ್ಟು ಕಟ್ಟಿಕೊಳ್ಳುತ್ತೇನೆ ಎನ್ನುತ್ತಿದ್ದಾಳೆ.

ನಿಪ್ಪಾಣಿ ಲಾರಿ:

ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿಕೊಂಡು ಓಡಿಸಿ ಸರ್. ಆ ಗುರುವಾರ ನಾನು ಊರಲ್ಲೇ ಇದ್ದರೆ ನಿಪ್ಪಾಣಿಯಲ್ಲಿ ನಿಮ್ಮ ಟೈರಿನ ಗಾಳಿ ನಾನೇ ನೋಡಿಕೊಡುತ್ತೇನೆ.

ಡೊಂಬಿವಲಿಯಿಂದ, ಉಡುಪಿಯವಳು:

ಉಪ್ಪಿಟ್ಟು ದಾರಿಗಿರಲಿ, ಇಲ್ಲಿ ಬಿಸಿ ಗಂಜಿ, ಮಾವಿನ ಉಪ್ಪಿನಕಾಯಿ ಇರುತ್ತದೆ. ನಿನ್ನೆ ಟೇಪು ಹಿಡಿದು ಕೆಳಗೆ ಹೋಗಿ ನೋಡಿ ಬಂದೆ. ನಮ್ಮ ಗೇಟಿಗೆ ಕಮಾನಿಲ್ಲ, ಒಂದು ಕೇಬಲ್ ತಂತಿ ಮಾತ್ರ 9 ಅಡಿಗೆ ಜೋತುಬಿದ್ದಿದೆ. ಶನಿವಾರದೊಳಗೆ ಅದನ್ನು ಮೇಲಕ್ಕೆ ಕಟ್ಟಿಸುತ್ತೇನೆ.